ಸೋಮವಾರ ಅವನು ಬರುತ್ತಾನೆ, ತೂಕ ಕೇಳಬೇಡಿ

ಬೆಳಗ್ಗೆ ಆರೂಕಾಲಿಗೆ ಕುಕ್ಕರಹಳ್ಳಿ ಕೆರೆಯ ಗೇಟಿನ ಬಳಿ ಸೇರುವ ನಮ್ಮ ವಾಕಿಂಗ್ ಬಳಗದ ಎಲ್ಲರಿಗೂ ನಮಸ್ಕಾರ.

ಬರುವ ಸೋಮವಾರದಿಂದ ನಮ್ಮ ಗೆಳೆಯ ಮತ್ತೆ ವಾಕಿಂಗಿಗೆ ಬರುತ್ತಾನೆ. ಯಾರೆಂದು ನಿಮಗೆ ಹೇಳಬೇಕಾಗಿಲ್ಲ, ಬೇರೆಯವರಿಗೆ ತಿಳಿಯುವ ಅಗತ್ಯವಿಲ್ಲ. ಹೀಗೊಂದು ಪತ್ರ ಬರೆಯುತ್ತೇನೆ, ನಾಲ್ಕು ಜನ ಓದುವಂತೆ ಬರೆಯುತ್ತೇನೆ ಅಂದಾಗ ಅವನು ಹಾಕಿದ ಷರತ್ತು ಒಂದೇ: "ಏನ್ ಬೇಕಾದ್ರೂ ಬರ್ಕೋ, ನನ್ನ ತೂಕ ಎಷ್ಟೂಂತ ಮಾತ್ರ ಹಾಕ್ಬೇಡ." ಹಾಕುವುದಿಲ್ಲ. ನಿಮ್ಮಲ್ಲಿ ನನ್ನ ಮೊದಲ ವಿನಂತಿಯೂ ಅದೇ. ಸೋಮವಾರ ಅವನು ಸ್ಕೂಟರ್ ಸ್ಟ್ಯಾಂಡ್ ಹಾಕುತ್ತಿದ್ದಂತೆ "ಏನಯ್ಯಾ, ಎಷ್ಟ್ ಇಳೀತು?" ಅಂತ ಯಾರೂ ಕೇಳಬೇಡಿ. ಮಂಗಳವಾರವೂ ಬೇಡ, ದೀಪಾವಳಿಗೂ ಬೇಡ. ಅವನಾಗಿ ಹೇಳಿದರೆ ಕೇಳಿಸಿಕೊಳ್ಳಿ.

ನಮ್ಮೊಳಗೇ ಮುಗಿಸಬಹುದಾದ ಮಾತನ್ನು ಬಹಿರಂಗವಾಗಿ ಬರೆಯಲು ಕಾರಣವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನವರ ಪೈಕಿ ಹತ್ತರಲ್ಲಿ ಮೂವರ ತೂಕ ಇರಬೇಕಾದ್ದಕ್ಕಿಂತ ಹೆಚ್ಚು. ಗಂಡಸರು, ಹೆಂಗಸರು ಎಂಬ ಭೇದವಿಲ್ಲ, ಇಬ್ಬರ ಲೆಕ್ಕವೂ ಹೆಚ್ಚುಕಡಿಮೆ ಒಂದೇ. ಹಾಗಾದರೆ ಪ್ರತಿ ಚೀಟಿ ಗುಂಪಿನಲ್ಲಿ, ಪ್ರತಿ ಭಜನಾ ಮಂಡಳಿಯಲ್ಲಿ, ಆಫೀಸಿನಲ್ಲಿ ಡಬ್ಬಿ ಬಿಚ್ಚಿ ಹಂಚಿಕೊಂಡು ತಿನ್ನುವ ಪ್ರತಿ ಮೇಜಿನ ಸುತ್ತ ಇಂಥ ಒಬ್ಬ ಗೆಳೆಯನೋ ಗೆಳತಿಯೋ ಇದ್ದೇ ಇರುತ್ತಾರೆ. ಅವರ ಸುತ್ತ ನಮ್ಮಂಥ ಹಿತೈಷಿಗಳೂ ಇರುತ್ತಾರೆ. ಸಲಹೆಗಳೆಲ್ಲ ದಪ್ಪಗಿರುವವರಿಗೇ ಸಿಗುತ್ತವೆ. ಸುತ್ತಲಿನ ಹಿತೈಷಿಗಳಿಗೆ ಯಾರೂ ಏನೂ ಹೇಳುವುದಿಲ್ಲ. ಆದ್ದರಿಂದ ಈ ಪತ್ರ ಅವನಿಗಲ್ಲ, ನಿಮಗೆ.

ಮಂಡಿನೋವಿನಿಂದ ಅವನು ಬರುವುದು ಬಿಟ್ಟ ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದೀರಿ. ಮಂಡಿನೋವು ಇದ್ದದ್ದು ನಿಜ. ಬಿಡಿಸಿದ್ದು ಮಾತ್ರ ಬಾಜಿ. ಸಂಕ್ರಾಂತಿಯ ಮಾರನೇ ದಿನ, ಎಳ್ಳುಬೆಲ್ಲ ಇನ್ನೂ ಜೇಬಿನಲ್ಲಿರುವಾಗಲೇ, ನಮ್ಮ ಬಳಗ ತಲೆಗೆ ಐನೂರು ರೂಪಾಯಿ ಹಾಕಿ ಪಂಥ ಕಟ್ಟಿತು: ಯುಗಾದಿಯೊಳಗೆ ಹತ್ತು ಕೆಜಿ ಇಳಿಸಿದರೆ ದುಡ್ಡೆಲ್ಲ ಅವನಿಗೆ, ಇಲ್ಲದಿದ್ದರೆ ಅವನು ಎಲ್ಲರಿಗೂ ಹೋಳಿಗೆ ಊಟ ಹಾಕಿಸಬೇಕು. ಪ್ರೀತಿಯಿಂದ ಕಟ್ಟಿದ್ದೇ, ಅನುಮಾನವಿಲ್ಲ. ಆದರೆ ಆ ಹತ್ತು ಕೆಜಿಯ ಲೆಕ್ಕವನ್ನು ಯಾರೂ ಹಾಕಿ ನೋಡಲಿಲ್ಲ.

ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಸಂಕ್ರಾಂತಿಯಿಂದ ಯುಗಾದಿಗೆ ಹತ್ತು ವಾರ ಅಂತಿಟ್ಟುಕೊಂಡರೂ ವಾರಕ್ಕೆ ಒಂದು ಕೆಜಿ, ಅಂದರೆ ದಿನಕ್ಕೆ 1,100 ಕ್ಯಾಲೊರಿ ಕಡಿಮೆಯಾಗಬೇಕು. ಕೂತು ಕೆಲಸ ಮಾಡುವ ಸಾಧಾರಣ ಮೈಕಟ್ಟಿನ ಗಂಡಸಿಗೆ ಇಡೀ ದಿನಕ್ಕೆ ಬೇಕಾಗುವುದೇ ಸುಮಾರು 2,100 ಎನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ. ದಪ್ಪ ಇರುವವರಿಗೆ ಸ್ವಲ್ಪ ಹೆಚ್ಚು ಬೇಕಾಗಬಹುದು. ಹಾಗಿದ್ದರೂ ನಾವು ಅವನಿಗೆ ಹೇಳಿದ್ದು ಇಷ್ಟೇ: ಎಪ್ಪತ್ತು ದಿನ, ದಿನಾ ಹತ್ತಿರ ಹತ್ತಿರ ಅರ್ಧ ಹೊಟ್ಟೆಯಲ್ಲಿ ಇರು, ಬೆಳಗ್ಗೆ ಬಂದು ನಮ್ಮ ಜೊತೆ ನಗುನಗುತ್ತಾ ನಡಿ.

ಅವನೂ ಹಟಕ್ಕೆ ಬಿದ್ದ. ಅನ್ನ ಬಿಟ್ಟ, ಸಕ್ಕರೆ ಬಿಟ್ಟ, ರಾತ್ರಿ ಬರೀ ಸೌತೆಕಾಯಿ ತಿಂದ. ಮೊದಲೆರಡು ವಾರದಲ್ಲಿ ಮೂರು ಕೆಜಿ ಇಳಿದು ನಾವೆಲ್ಲ ಚಪ್ಪಾಳೆ ತಟ್ಟಿದ್ದು ನಿಮಗೆ ನೆನಪಿರಬಹುದು. ಅದರಲ್ಲಿ ಬಹುಪಾಲು ನೀರು. ಲಿವರು ಮತ್ತು ಸ್ನಾಯುಗಳಲ್ಲಿ ಪಿಷ್ಟದ ದಾಸ್ತಾನು ಇರುತ್ತದೆ, ಅದರ ಒಂದೊಂದು ಗ್ರಾಮೂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಅನ್ನ, ಚಪಾತಿ ಒಟ್ಟಿಗೇ ಬಿಟ್ಟಾಗ ಮೊದಲು ಖಾಲಿಯಾಗುವುದು ಆ ದಾಸ್ತಾನು. ಕೊಬ್ಬಿನ ಸರದಿ ಬರುವ ಹೊತ್ತಿಗೆ ಇಳಿತ ನಿಧಾನವಾಗುತ್ತದೆ. ನಾಲ್ಕನೇ ವಾರ ಮುಳ್ಳು ಅಲ್ಲಾಡಲಿಲ್ಲ. ನಾವು ದಿನಾ ಕೇಳುವುದು ಮಾತ್ರ ನಿಲ್ಲಿಸಲಿಲ್ಲ. ಐದನೇ ವಾರ ಯಾವುದೋ ಸೀಮಂತದಲ್ಲಿ ಊಟ ಮಾಡಿದ, ಮಾರನೇ ದಿನ ಒಂದೂವರೆ ಕೆಜಿ ವಾಪಸ್ಸು. ಅದೂ ನೀರೇ. ಆದರೆ ಅವನ ಲೆಕ್ಕದಲ್ಲಿ ಅದು ಸೋಲು. ಆಮೇಲೆ ನಮಗೆ ಸಿಗಲಿಲ್ಲ.

ದೊಡ್ಡ ಗುರಿ ಇಟ್ಟುಕೊಂಡು ಗೆದ್ದವರ ಕಥೆಯೂ ಸುಖವಾಗಿ ಮುಗಿಯುವುದಿಲ್ಲ. ಅಮೆರಿಕದ ಟಿವಿಯಲ್ಲಿ 'ದಿ ಬಿಗ್ಗೆಸ್ಟ್ ಲೂಸರ್' ಅಂತ ತೂಕ ಇಳಿಸುವ ಸ್ಪರ್ಧೆ ಬರುತ್ತಿತ್ತು. ಅದರ ಹದಿನಾಲ್ಕು ಸ್ಪರ್ಧಿಗಳನ್ನು ವಿಜ್ಞಾನಿಗಳು ಆರು ವರ್ಷದ ನಂತರ ಮತ್ತೆ ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಸ್ಪರ್ಧೆಯಲ್ಲಿ ಸರಾಸರಿ 58 ಕೆಜಿ ಇಳಿಸಿದ್ದರು, ಅದರಲ್ಲಿ 41 ಕೆಜಿ ಮರಳಿ ಬಂದಿತ್ತು. ಅದಕ್ಕಿಂತ ಕಷ್ಟದ ಸಂಗತಿ ಇನ್ನೊಂದು. ಸುಮ್ಮನೆ ಕೂತಿದ್ದಾಗ ಅವರ ಮೈ ಖರ್ಚು ಮಾಡುತ್ತಿದ್ದ ಶಕ್ತಿ, ಆ ಮೈಕಟ್ಟಿಗೆ ನಿರೀಕ್ಷಿಸಬಹುದಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯಿತ್ತು. ಬರಗಾಲ ಬಂದಿದೆ ಎಂದುಕೊಂಡು ಕೈ ಬಿಗಿಹಿಡಿದ ದೇಹ ಆರು ವರ್ಷವಾದರೂ ಕೈ ಸಡಿಲಿಸಿರಲಿಲ್ಲ. ಆದ್ದರಿಂದ ಅವನ ಬಗ್ಗೆ ಮಾತಾಡುವಾಗ 'ಬಾಯಿ ಕಟ್ಟೋಕೆ ಆಗಲಿಲ್ಲ ಅವನ ಕೈಲಿ' ಅನ್ನುವ ತೀರ್ಪನ್ನು ದಯವಿಟ್ಟು ಬಿಡಿ. ಐದು ವಾರ ಕಟ್ಟಿದ್ದ. ನಮ್ಮಲ್ಲಿ ಯಾರು ಕಟ್ಟಿದ್ದೇವೆ?

ಈ ಸಲ ಅವನು ಬೇರೆ ದಾರಿ ಹಿಡಿದಿದ್ದಾನೆ. ಹೋದ ವಾರ ಅವರ ಮನೆಗೆ ಹೋಗಿದ್ದೆ. ಅಡುಗೆಮನೆಯ ಬಾಗಿಲ ಪಕ್ಕ ಕ್ಯಾಲೆಂಡರ್ ತೂಗುಹಾಕಿದ್ದಾರೆ, ಅದರ ಚೌಕಗಳಲ್ಲಿ ಅವರ ಮನೆಯವರು ಹಾಲಿನ ಲೆಕ್ಕ ಬರೆಯುತ್ತಾರೆ: ಒಂದು, ಒಂದು, ಒಂದೂವರೆ, ನೆಂಟರು ಬಂದ ದಿನ ಎರಡೂವರೆ. ಅದೇ ಚೌಕದ ಕೆಳತುದಿಯಲ್ಲಿ ಇವನು ಪೆನ್ಸಿಲಿನಲ್ಲಿ ಸಣ್ಣದಾಗಿ ಮೂರು ಅಕ್ಷರ ಹಾಕಿದ್ದಾನೆ. ಸ, ಅ, ನ. ಸಕ್ಕರೆ, ಅನ್ನ, ನಡಿಗೆ. ಅವತ್ತು ಅವತ್ತಿನದು ಆಗಿದ್ದರೆ ಅಕ್ಷರ ಬೀಳುತ್ತದೆ, ಆಗದಿದ್ದರೆ ಇಲ್ಲ. ಎರಡೂವರೆ ಲೀಟರಿನ ಚೌಕಗಳಲ್ಲಿ ಒಂದಕ್ಷರವೂ ಇರಲಿಲ್ಲ. ಅದರ ಮಾರನೇ ಚೌಕಗಳಲ್ಲಿ ಮೂರೂ ಇದ್ದವು. ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಆ ಮಾರನೇ ಚೌಕಗಳು. ಹಿಂದಿನ ಸಲವಾಗಿದ್ದರೆ ಒಂದು ಖಾಲಿ ಚೌಕಕ್ಕೆ ಇಡೀ ತಿಂಗಳನ್ನೇ ಕೈಬಿಟ್ಟಿರುತ್ತಿದ್ದ.

ಮೂರು ಅಕ್ಷರಗಳ ಹಿಂದಿನ ಗುರಿಗಳನ್ನು ಕೇಳಿದರೆ ನೀವು ನಗುತ್ತೀರಿ. ಅವನಿಗೆ ದಿನಕ್ಕೆ ನಾಲ್ಕು ಕಾಫಿ, ಲೋಟಕ್ಕೆ ಎರಡು ಚಮಚ ಸಕ್ಕರೆ. ಒಟ್ಟು ಎಂಟು ಚಮಚ, ಹತ್ತಿರ ಹತ್ತಿರ 40 ಗ್ರಾಂ. ಹೊರಗಿನಿಂದ ಸೇರಿಸಿಕೊಳ್ಳುವ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇವನು ಕಾಫಿಯಲ್ಲೇ ಅದನ್ನು ದಾಟಿದ್ದ, ಬಿಸ್ಕತ್ತು, ಪಾಯಸದ ಲೆಕ್ಕ ಆಮೇಲೆ. ಕಾಫಿ ಬಿಡು ಅಂತ ಯಾರೂ ಹೇಳಲಿಲ್ಲ, ಮೈಸೂರಿನಲ್ಲಿ ಹುಟ್ಟಿದವನಿಗೆ ಹಾಗೆ ಹೇಳುವುದು ತರವೂ ಅಲ್ಲ. ಮೊದಲ ಹದಿನೈದು ದಿನ ಒಂದೂವರೆ ಚಮಚ, ಆಮೇಲೆ ಒಂದು, ಈಗ ಮುಕ್ಕಾಲು. ನಾಲಿಗೆ ಬೇಗ ಒಗ್ಗಿಕೊಳ್ಳುತ್ತದೆ. ಎರಡು ಚಮಚದಿಂದ ಸೀದಾ ಸೊನ್ನೆಗೆ ಇಳಿದವರು ನಾಲ್ಕನೇ ದಿನಕ್ಕೆ ಡಬ್ಬಿ ಹುಡುಕುತ್ತಾರೆ. ಇವನಿಗೆ ಈಗ ಹೋಟೆಲಿನ ಕಾಫಿ ಪಾನಕದ ಹಾಗೆ ಕಾಣುತ್ತದಂತೆ.

ಅನ್ನದ್ದೂ ಹಾಗೇ. ರಾತ್ರಿ ಸಾರಿಗೆ ಒಂದು ಸಲ, ಮಜ್ಜಿಗೆಗೆ ಒಂದು ಸಲ ಬಡಿಸಿಕೊಳ್ಳುವುದು ನಮ್ಮೆಲ್ಲರ ಮನೆಯ ಪದ್ಧತಿ. ಸಾರಿನ ಅನ್ನವನ್ನು ಅವನು ಇದ್ದಷ್ಟೇ ಇಟ್ಟುಕೊಂಡ, ಮಜ್ಜಿಗೆ ಅನ್ನದಲ್ಲಿ ಒಂದು ಸೌಟು ಕಡಿಮೆ ಮಾಡಿ, ಆ ಜಾಗಕ್ಕೆ ಪಲ್ಯ ತಂದ. ಅದೂ ಊಟದ ಮೊದಲಿಗೆ. ನಮ್ಮ ಎಲೆ ಊಟದಲ್ಲಿ ಕೋಸಂಬರಿ, ಪಲ್ಯ ಮೊದಲು ಬೀಳುತ್ತವೆ, ಅನ್ನ ಆಮೇಲೆ. ನಾವು ಅನ್ನ ಬರುವ ತನಕ ಕಾದು ಪಲ್ಯವನ್ನು ನಂಜಿಕೊಳ್ಳಲು ಇಟ್ಟುಕೊಳ್ಳುತ್ತೇವೆ. ಅವನೀಗ ಕಾಯುವುದಿಲ್ಲ, ಅಷ್ಟೇ. ನಮ್ಮ ಬಳಗದಲ್ಲೊಬ್ಬರು ಅವನಿಗೆ ಮೂರು ಹೊತ್ತೂ ಮುದ್ದೆ ತಿನ್ನಲು ಹೇಳಿದ್ದರು. ರಾಗಿ ಒಳ್ಳೆಯದೇ. 100 ಗ್ರಾಂ ರಾಗಿಯಲ್ಲಿ 11 ಗ್ರಾಂ ನಾರು, ಅಕ್ಕಿಯಲ್ಲಿ ಮೂರೂ ಇಲ್ಲ, ಹಾಗಾಗಿ ಹೊಟ್ಟೆ ತುಂಬ ಹೊತ್ತು ತಡೆಯುತ್ತದೆ. ಆದರೆ ಕ್ಯಾಲೊರಿಯ ಲೆಕ್ಕದಲ್ಲಿ ಅಕ್ಕಿಗೂ ರಾಗಿಗೂ ದೊಡ್ಡ ಅಂತರವಿಲ್ಲ. ಎರಡು ಮುದ್ದೆ ನುಂಗಿದರೆ ಎರಡು ಮುದ್ದೆಯಷ್ಟೇ ಮೈಗೆ ಹತ್ತುತ್ತದೆ.

ಇನ್ನು ನಡಿಗೆ. ಮನೆಯಿಂದ ಹಾಲಿನ ಬೂತಿಗೆ ಸ್ಕೂಟರಿನಲ್ಲಿ ಹೋಗುತ್ತಿದ್ದವನು ನಡೆದು ಹೋಗಲು ಶುರು ಮಾಡಿದ. ಹೋಗಿ ಬರಲು ಹತ್ತು ನಿಮಿಷ. ಆಮೇಲೆ ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ. ಎರಡನೇ ತಿಂಗಳಲ್ಲಿ ಅದು ಹದಿನೈದಾಯಿತು. ನಮ್ಮ ಬಳಗದಲ್ಲಿ ಹತ್ತು ಸಾವಿರ ಹೆಜ್ಜೆ ಆಗದವನು ವಾಕಿಂಗ್ ಮಾಡಿದ ಲೆಕ್ಕಕ್ಕೇ ಇಲ್ಲ ಎಂಬ ಅಲಿಖಿತ ಕಾನೂನಿದೆಯಲ್ಲ, ಆ ಸಂಖ್ಯೆ ಯಾವ ವೈದ್ಯಶಾಸ್ತ್ರದಿಂದಲೂ ಹುಟ್ಟಿದ್ದಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮಾರನೇ ವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಬಳಸಿಕೊಂಡ ಸಂಖ್ಯೆ ಅದು. 2019ರಲ್ಲಿ ಅಮೆರಿಕದ ವಯಸ್ಸಾದ ಹೆಂಗಸರನ್ನು ಗಮನಿಸಿದ ಅಧ್ಯಯನವೊಂದರಲ್ಲಿ, ದಿನಕ್ಕೆ 2,700 ಹೆಜ್ಜೆ ಹಾಕುವವರಿಗಿಂತ 4,400 ಹಾಕುವವರಲ್ಲಿ ಸಾವಿನ ಪ್ರಮಾಣ ಸಾಕಷ್ಟು ಕಡಿಮೆ ಇದ್ದದ್ದು ಕಂಡಿತು. 7,500ರ ಆಚೆಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಏನೂ ನಡೆಯದವನು ಸ್ವಲ್ಪ ನಡೆದಾಗ ಸಿಗುವ ಲಾಭವೇ ದೊಡ್ಡದು. ಎಂಟು ಸಾವಿರ ನಡೆಯುವವನು ಹತ್ತು ಸಾವಿರ ಮುಟ್ಟಿದಾಗ ಹೆಚ್ಚಾಗಿ ಉಬ್ಬುವುದು ಫೋನಿನ ಅಂಕಿ.

ಅವನ ಒಟ್ಟು ಗುರಿ ಎಷ್ಟು ಅಂತ ನೀವು ಕೇಳಿಯೇ ಕೇಳುತ್ತೀರಿ. ಆರು ತಿಂಗಳಲ್ಲಿ ಇದ್ದ ತೂಕದ ನೂರಕ್ಕೆ ಐದು ಭಾಗ, ಡಾಕ್ಟರು ಒಪ್ಪಿಕೊಟ್ಟದ್ದು. 90 ಕೆಜಿ ಇರುವವರಿಗೆ ನಾಲ್ಕೂವರೆ ಕೆಜಿ. ತಿಂಗಳಿಗೆ ಮುಕ್ಕಾಲು ಕೆಜಿ, ದಿನಕ್ಕೆ ಇನ್ನೂರು ಕ್ಯಾಲೊರಿಗೂ ಕಡಿಮೆ. ಐದು ಚಮಚ ಸಕ್ಕರೆ ಮತ್ತು ಒಂದು ಸೌಟು ಅನ್ನದಲ್ಲಿ ಅದು ಮುಗಿಯಿತು. ಮೈ ಎನ್ನುವುದು ಬ್ಯಾಂಕ್ ಪಾಸ್‌ಬುಕ್ಕಿನಂತೆ ಲೆಕ್ಕ ತಪ್ಪದೆ ನಡೆಯುವುದಿಲ್ಲ, ತೂಕ ಇಳಿದಂತೆ ಖರ್ಚೂ ಇಳಿಯುತ್ತದೆ, ಹಾಗಾಗಿ ಕೊನೆಯಲ್ಲಿ ಒಂದೆರಡು ಕೆಜಿ ಕೊರತೆ ಬೀಳಬಹುದು. ಬೀಳಲಿ.

ಐದು ಪರ್ಸೆಂಟಿನಲ್ಲಿ ಏನಾಗುತ್ತೆ, ಕಣ್ಣಿಗೆ ಕಾಣೋದೇ ಇಲ್ವಲ್ಲ ಎಂಬ ಮಾತು ನಮ್ಮ ಕಟ್ಟೆಯಲ್ಲಿ ಬರುತ್ತದೆ, ಗೊತ್ತು. ಕಣ್ಣಿಗೆ ಕಾಣದ ಕಡೆ ಆಗುತ್ತದೆ. ಅವನ ರಕ್ತದ ಸಕ್ಕರೆ ಗಡಿಯಲ್ಲಿ ನಿಂತಿದೆ. ಅಂಥವರನ್ನೇ ಆರಿಸಿಕೊಂಡು ಅಮೆರಿಕದಲ್ಲಿ ಮಾಡಿದ ದೊಡ್ಡ ಪರೀಕ್ಷೆಯೊಂದರ ಫಲಿತಾಂಶ 2002ರಲ್ಲಿ ಬಂತು. ಅಲ್ಲಿ ಕೊಟ್ಟ ಗುರಿ ಏಳು ಪರ್ಸೆಂಟ್ ತೂಕ ಇಳಿಸುವುದು, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯುವುದು. ಅಷ್ಟರಿಂದ ಸಕ್ಕರೆ ಕಾಯಿಲೆಗೆ ತಿರುಗುವವರ ಪ್ರಮಾಣ 58 ಪರ್ಸೆಂಟ್ ಕಡಿಮೆಯಾಯಿತು, ಮಾತ್ರೆ ತೆಗೆದುಕೊಂಡವರಲ್ಲಿ 31. ನಮಗೆ ಇನ್ನೂ ಹತ್ತಿರದ್ದು ಚೆನ್ನೈನದು. ಡಾ. ಎ. ರಾಮಚಂದ್ರನ್ ಅವರ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಾ ಅರ್ಧ ಗಂಟೆ ನಡಿಗೆ, ಊಟದಲ್ಲಿ ಸಣ್ಣಪುಟ್ಟ ಬದಲಾವಣೆ ಮಾಡಿಕೊಂಡವರಲ್ಲಿ ಆ ಅಪಾಯ 28 ಪರ್ಸೆಂಟಿಗೂ ಮೇಲೆ ತಗ್ಗಿತು. ಅವರ ತೂಕ ಮಾತ್ರ ಇಳಿದೇ ಇರಲಿಲ್ಲ. ಇದನ್ನು ಎರಡು ಸಲ ಓದಿಕೊಳ್ಳಿ. ದಿನಾ 'ಎಷ್ಟ್ ಇಳೀತು' ಅಂತ ಕೇಳುವ ಬಳಗವೊಂದು ಅವರ ಸುತ್ತ ಇದ್ದಿದ್ದರೆ, ಅವರಲ್ಲಿ ಅರ್ಧ ಜನ ಏನೂ ಉಪಯೋಗವಿಲ್ಲ ಅಂತ ಮನೆಗೆ ಹೋಗಿರುತ್ತಿದ್ದರು.

ಮಂಡಿಯದು ಇನ್ನೂ ಸರಳ ಲೆಕ್ಕ. ಮಂಡಿ ಸವೆದಿರುವ ವಯಸ್ಸಾದವರನ್ನು ನಡೆಸಿ ಅಳೆದು ನೋಡಿದ್ದಾರೆ. ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ಬೀಳುವ ಭಾರದಲ್ಲಿ ನಾಲ್ಕು ಕೆಜಿ ಕಡಿಮೆ. ಎರಡು ಕೆಜಿ ಇಳಿಸಿದವನಿಗೆ ಪ್ರತಿ ಹೆಜ್ಜೆಗೆ ಎಂಟು. ಅವನು ಯಾಕೆ ಆರಾಮಾಗಿ ಕಾಣುತ್ತಿದ್ದಾನೆ ಅನ್ನುವುದಕ್ಕೆ ಬೇರೆ ರಹಸ್ಯವಿಲ್ಲ. ಹಾಗಂತ ಭಾನುವಾರ ಅವನನ್ನು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿಸುವ ಯೋಜನೆ ಹಾಕಿದ್ದೀರಂತೆ, ಅದನ್ನು ಕೈಬಿಡಿ. ಏಳುನೂರರ ಆಸುಪಾಸಿನಲ್ಲಿ ಸಿಗುವ ನಂದಿಯ ತನಕ ಹೇಗೋ ಹೋಗಿಬಿಡಬಹುದು. ಮಂಡಿಗೆ ಪರೀಕ್ಷೆ ಇರುವುದು ಇಳಿಯುವಾಗ.

ಅವನ ನಿಜವಾದ ಗುರಿ ಬೆಟ್ಟವೂ ಅಲ್ಲ, ಕೆಜಿಯೂ ಅಲ್ಲ. ನನಗೆ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಮಾಘದಲ್ಲಿ ಮಗಳ ಮದ್ವೆ. ಧಾರೆಗೆ ಮಣೆ ಮೇಲೆ ಕೂತ್ಕೋಬೇಕು ಕಣೋ, ಕುರ್ಚಿ ಹಾಕಿಸ್ಕೊಂಡಲ್ಲ. ಕೂತ್ಮೇಲೆ ಇಬ್ರು ಹಿಡ್ದು ಎಬ್ಬಿಸ್ಬಾರ್ದು." ಅದಕ್ಕಾಗಿ ದಿನಾ ಬೆಳಗ್ಗೆ ಊಟದ ಮೇಜಿನ ಕುರ್ಚಿಯಲ್ಲಿ ಕೂತು, ಕೈ ಊರದೆ ಎದ್ದು ನಿಲ್ಲುತ್ತಾನೆ. ಮೊದಲು ಐದು ಸಲ ಆಗುತ್ತಿತ್ತು, ಈಗ ಹನ್ನೆರಡು. ಬರುವ ತಿಂಗಳಿಂದ ತಗ್ಗಿನ ಸ್ಟೂಲು. ಆಮೇಲೆ ಮಣೆ. ನಡಿಗೆಯಿಂದ ಬರದ ತೊಡೆಯ ಶಕ್ತಿ ಇದರಿಂದ ಬರುತ್ತದೆ, ಊಟ ಕಡಿಮೆಯಾದಾಗ ಸ್ನಾಯು ಸೊರಗದಂತೆಯೂ ನೋಡಿಕೊಳ್ಳುತ್ತದೆ.

ಸಣ್ಣ ಗುರಿಯ ಮಹಿಮೆ ಅವನೊಬ್ಬನ ಅನುಭವವಲ್ಲ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಮತ್ತು ಡೇಲ್ ಶುಂಕ್ 1981ರಲ್ಲಿ ಕಳೆಯುವ ಲೆಕ್ಕ ಬಾರದ, ಗಣಿತವೆಂದರೆ ಮುಖ ತಿರುಗಿಸುವ ಮಕ್ಕಳಿಗೆ ಅಭ್ಯಾಸದ ಪುಟಗಳನ್ನು ಕೊಟ್ಟರು. ಕೆಲವರಿಗೆ ಏಳು ಪಾಠಗಳ ಕೊನೆಗೆ ಎಲ್ಲ ಮುಗಿಸಿ ಎಂದರು. ಕೆಲವರಿಗೆ ಪ್ರತಿ ಪಾಠಕ್ಕೆ ಆರು ಪುಟ ಎಂದರು. ಇನ್ನು ಕೆಲವರಿಗೆ ಗುರಿಯನ್ನೇ ಹೇಳಲಿಲ್ಲ. ಆರು ಪುಟದ ಮಕ್ಕಳು ಎಲ್ಲರಿಗಿಂತ ಮುಂದೆ ಹೋದರು, ಗಣಿತದ ಮೇಲೆ ಅವರಿಗೆ ಆಸೆಯೂ ಹುಟ್ಟಿತು. ದೂರದ ಗುರಿ ಕೊಟ್ಟ ಮಕ್ಕಳಿಗೂ ಏನೂ ಹೇಳದೆ ಬಿಟ್ಟ ಮಕ್ಕಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ನಮ್ಮ ಹತ್ತು ಕೆಜಿಯ ಪಂಥಕ್ಕೆ ಇದಕ್ಕಿಂತ ಚೆನ್ನಾದ ವಿಮರ್ಶೆ ನನಗೆ ಸಿಕ್ಕಿಲ್ಲ.

ಈಗ ನಮ್ಮ ನಾಲಿಗೆಯ ವಿಷಯಕ್ಕೆ ಬರೋಣ. ಗುಂಡಣ್ಣ, ಟ್ಯಾಂಕರ್, 'ಅಂಬಾರಿ ಹೊರೋಕೆ ಈ ಸಲ ಇವನನ್ನೇ ಕಳಿಸೋಣ'. ದಸರಾ ಆನೆಗಳು ಕಾಡಿನಿಂದ ಬಂದ ಕೂಡಲೇ ಅವನ್ನು ವೇಬ್ರಿಡ್ಜ್ ಮೇಲೆ ನಿಲ್ಲಿಸಿ, ಒಂದೊಂದರ ತೂಕವನ್ನೂ ಪತ್ರಿಕೆಯಲ್ಲಿ ಹಾಕುವುದು ಮೈಸೂರಿನ ವಾಡಿಕೆ. ಆನೆಗೆ ಬೇಜಾರಿಲ್ಲ. ಮೇಲಾಗಿ ಅದರ ತೂಕ ಹೆಚ್ಚಿದರೆ ಮಾವುತನಿಗೆ ಶಭಾಸ್‌ಗಿರಿ. ಮನುಷ್ಯನನ್ನು ಹಾಗೆ ಬೀದಿಯಲ್ಲಿ ನಿಲ್ಲಿಸಿ ತೂಗಲು ಆಗುವುದಿಲ್ಲ. ಅವನೂ ನಗುತ್ತಾನಲ್ಲ ಅನ್ನುತ್ತೀರಿ. ನಗದೆ ಏನು ಮಾಡಲಿ, ಎಂಟು ಜನರ ಮಧ್ಯೆ ಒಬ್ಬನೇ ಮುಖ ಗಂಟು ಹಾಕಿಕೊಂಡು ನಿಲ್ಲಲು ಆಗುತ್ತದೆಯೇ? ಚುಚ್ಚಿದರೆ ಛಲ ಬರುತ್ತದೆ ಎಂಬ ನಂಬಿಕೆಯೂ ನಮ್ಮಲ್ಲಿ ಗಟ್ಟಿ. ಅಮೆರಿಕದಲ್ಲಿ ಆರು ಸಾವಿರಕ್ಕೂ ಹೆಚ್ಚು ಜನರನ್ನು ಕೆಲವು ವರ್ಷ ಹಿಂಬಾಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದು ಇದರ ವಿರುದ್ಧ: ತೂಕದ ಕಾರಣಕ್ಕೆ ಜನ ತಮ್ಮನ್ನು ಕೀಳಾಗಿ ಕಂಡರು ಎಂದವರು ಮುಂದೆ ಬೊಜ್ಜಿನ ಮಟ್ಟಕ್ಕೆ ಏರುವ ಸಾಧ್ಯತೆ ಉಳಿದವರಿಗಿಂತ ಎರಡೂವರೆ ಪಟ್ಟು. ಮೇಷ್ಟ್ರೇ, ತಮ್ಮ 'ಒಂದು ಹೊತ್ತು ಉಂಡವ ಯೋಗಿ, ಮೂರು ಹೊತ್ತು ಉಂಡವ ರೋಗಿ'ಯನ್ನೂ ಸ್ವಲ್ಪ ದಿನ ಮನೆಯಲ್ಲೇ ಬಿಟ್ಟು ಬನ್ನಿ. ಅವನು ಬಿಪಿ ಮಾತ್ರೆ ತೆಗೆದುಕೊಳ್ಳುವವನು. ಸಕ್ಕರೆ ಮಾತ್ರೆ, ಇನ್ಸುಲಿನ್ ಮೇಲಿರುವವರಂತೂ ಗಾದೆ ಕೇಳಿ ಊಟ ಬಿಟ್ಟರೆ ನಡುಬೀದಿಯಲ್ಲಿ ತಲೆಸುತ್ತಿ ಬೀಳಬಹುದು. ಅಂಥ ಬದಲಾವಣೆ ಏನಿದ್ದರೂ ಅವರ ಡಾಕ್ಟರನ್ನು ಕೇಳಿಯೇ ಆಗಬೇಕು.

ಚುಚ್ಚುವುದಕ್ಕಿಂತ ಅಪಾಯಕಾರಿ ನಮ್ಮ ಉಪಚಾರ. ವಾಕಿಂಗ್ ನೆಪ, ಹೋಟೆಲಿಗೆ ಹೋಗುವುದೇ ನಮ್ಮ ಬಳಗದ ಅಸಲಿ ಕಾರ್ಯಕ್ರಮ ಅನ್ನುವುದು ಕೆರೆಯ ಪೆಲಿಕನ್‌ಗಳಿಗೂ ಗೊತ್ತು. ಅರ್ಧ ಗಂಟೆ ನಡೆದರೆ ಖರ್ಚಾಗುವುದು ನೂರಿಪ್ಪತ್ತು, ನೂರೈವತ್ತು ಕ್ಯಾಲೊರಿ. ಬೆಣ್ಣೆ ಹಾಕಿದ ಮಸಾಲೆ ದೋಸೆಯ ಎರಡನೇ ಮಡಿಕೆಗೆ ಹೋಗುವ ಹೊತ್ತಿಗೆ ಅದು ತೀರಿಹೋಗಿರುತ್ತದೆ. ಹೋಟೆಲು ನಿಲ್ಲಿಸೋಣ ಅಂತ ನಾನು ಹೇಳುತ್ತಿಲ್ಲ, ಅವನಿಗೂ ಅದು ಬೇಡ. ಅವನು ಇಷ್ಟು ದಿನ ಮಿಸ್ ಮಾಡಿಕೊಂಡದ್ದು ಕೆರೆಯನ್ನಲ್ಲ, ಆ ಮೇಜಿನ ಹರಟೆಯನ್ನು. ಆದರೆ ಸಪ್ಲೈಯರ್ ಬಂದಾಗ "ಎಂಟ್ ಮಸಾಲೆ" ಅಂತ ಅವನನ್ನೂ ಸೇರಿಸಿ ಕೂಗುವುದನ್ನು ನಿಲ್ಲಿಸಿ. ಅವನು ಎರಡು ಇಡ್ಲಿ ಹೇಳಿದರೆ "ಇಷ್ಟೇನಾ?" ಬೇಡ. ಅವನು ಭಾನುವಾರ ಮಸಾಲೆ ಹೇಳಿದರೆ "ಡಯಟ್ ಅಂದಿದ್ಯಲ್ಲೋ?" ಅದೂ ಬೇಡ. ಎರಡೂ ಒಂದೇ ಜಾತಿಯ ಮಾತು, ಎರಡರಲ್ಲೂ ಅವನ ತಟ್ಟೆ ನಮ್ಮದಾಗುತ್ತದೆ.

ಮನೆಗೆ ಕರೆದಾಗ ಇನ್ನೂ ಕಷ್ಟ. ಬಡಿಸುವವರ ಕೈ ತಡೆಯುವುದು ನಮ್ಮಲ್ಲಿ ಅವಮರ್ಯಾದೆಯ ಹತ್ತಿರ ಹತ್ತಿರ ಬರುತ್ತದೆ. "ಒಂದೇ ಒಂದು ಮೈಸೂರುಪಾಕ್, ಏನೂ ಆಗಲ್ಲ ತಗೊಳ್ಳಿ, ನನ್ ಮೇಲೆ ಆಣೆ" ಅಂದರೆ ಎಂಥವನೂ ತೆಗೆದುಕೊಳ್ಳುತ್ತಾನೆ. ಬಳಗದ ಅಕ್ಕಂದಿರಲ್ಲಿ ನನ್ನ ಕೋರಿಕೆ: ಅವನು ಒಂದು ಸಲ ಸಾಕು ಅಂದರೆ ಅದನ್ನು ಸಂಕೋಚ ಅಂತ ತಿಳಿಯಬೇಡಿ. ಕೊಡಲೇಬೇಕು ಅನ್ನಿಸಿದರೆ ಕಾಗದದಲ್ಲಿ ಕಟ್ಟಿ ಮನೆಗೆ ಕೊಟ್ಟುಬಿಡಿ. ನಾಳೆ, ತನಗೆ ಬೇಕೆನಿಸಿದ ಹೊತ್ತಿಗೆ, ತನ್ನ ಲೆಕ್ಕದಲ್ಲಿ ತಿನ್ನುತ್ತಾನೆ.

ನಾವು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕೆ, ಅವನ ಮೈ ಅವನ ಪಾಡು ಎನ್ನುವವರಿಗೆ ಒಂದು ಮಾತು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ ಹನ್ನೆರಡು ಸಾವಿರ ಜನರ ಮೂವತ್ತೆರಡು ವರ್ಷಗಳ ದಾಖಲೆ ಜಾಲಾಡಿದ ಇಬ್ಬರು ಸಂಶೋಧಕರು 2007ರಲ್ಲಿ ಹೇಳಿದರು: ಗೆಳೆಯನಿಗೆ ಬೊಜ್ಜು ಬಂದರೆ ನಮಗೂ ಬರುವ ಸಾಧ್ಯತೆ 57 ಪರ್ಸೆಂಟ್ ಹೆಚ್ಚು. ಆ ಲೆಕ್ಕದ ಬಗ್ಗೆ ಸಂಖ್ಯಾಶಾಸ್ತ್ರಜ್ಞರು ಆಮೇಲೆ ತಕರಾರು ತೆಗೆದರು, ಒಂದೇ ಬಗೆಯವರು ಗೆಳೆಯರಾಗುತ್ತಾರೆ, ಅಷ್ಟಕ್ಕೇ ಹಾಗೆ ಕಾಣಬಹುದು ಅಂತ. ಆ ವಾದ ಅವರಿಗಿರಲಿ. ನಮ್ಮ ಮೇಜಿನಲ್ಲಿ ಒಬ್ಬ ಎರಡನೇ ವಡೆ ಹೇಳಿದರೆ ಮಿಕ್ಕವರ ಕೈ ತಾನಾಗಿ ಮೇಲೇಳುವುದನ್ನು ನೋಡಲು ಅಮೆರಿಕಕ್ಕೆ ಹೋಗಬೇಕಿಲ್ಲ.

ಸೋಮವಾರದ ವ್ಯವಸ್ಥೆ ಹೀಗೆ. ಅವನು ಇಡೀ ಸುತ್ತು ಬರುವುದಿಲ್ಲ. ಗೇಟಿನಿಂದ ಹತ್ತು ಹನ್ನೆರಡು ನಿಮಿಷ ಏರಿಯ ಮೇಲೆ ನಡೆದು, ಅಲ್ಲಿಂದಲೇ ವಾಪಸ್ಸು ತಿರುಗುತ್ತಾನೆ. ಜೊತೆಗೆ ದಿನಕ್ಕೊಬ್ಬರು ತಿರುಗಿದರೆ ಸಾಕು, ಎಲ್ಲರೂ ತ್ಯಾಗ ಮಾಡುವುದು ಬೇಡ, ಅದೂ ಅವನಿಗೆ ಮುಜುಗರ. ಸೋಮ, ಮಂಗಳ ನಾನಿರುತ್ತೇನೆ. ಬುಧವಾರದಿಂದ ಯಾರು ಅಂತ ನೀವೇ ಹಂಚಿಕೊಳ್ಳಿ. ಮಾತಾಡುತ್ತಾ ನಡೆಯುವಷ್ಟು ವೇಗ ಸಾಕು. ಮಳೆ ಬಂದ ದಿನ ಅವನು ಬರದಿದ್ದರೆ ಫೋನ್ ಮಾಡಿ ಕೆದಕಬೇಡಿ, ಮಾರನೇ ದಿನ ಬಂದಾಗ ಏನೂ ಆಗದವರಂತೆ ನಡೆಯಲು ಶುರು ಮಾಡಿ. ನಡುವೆ ಮಾತಿಗೆ ವಿಷಯ ಸಿಗದಿದ್ದರೆ ಮಗಳ ಮದುವೆಗೆ ಛತ್ರ ಸಿಕ್ಕಿತೇ ಅಂತ ಕೇಳಿ. ಇನ್ನೂ ಸಿಕ್ಕಿಲ್ಲ, ಅವನ ಈಗಿನ ನಿಜವಾದ ಚಿಂತೆ ಅದು.

ಸಂಕ್ರಾಂತಿಯ ಬಾಜಿಯ ದುಡ್ಡು ಇನ್ನೂ ನಮ್ಮ ಖಜಾಂಚಿಗಳ ಹತ್ತಿರವೇ ಇದೆ. ಅವನು ಸೋತ, ಹೋಳಿಗೆ ಊಟ ಹಾಕಿಸಲಿ ಅಂತ ಒಬ್ಬರು, ಅವರವರ ಐನೂರು ಅವರವರಿಗೆ ವಾಪಸ್ಸು ಕೊಡಿ ಅಂತ ಇನ್ನೊಬ್ಬರು. ನನ್ನ ಸೂಚನೆ ಬೇರೆ. ನಮ್ಮ ದೇಶದ ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರಿಕೆಯ ಗಂಟೆ ಅಂತ ವೈದ್ಯರು ಹೇಳುತ್ತಾರೆ. ತೂಕ ಸರಿಯಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರಿಗೂ ಇದು ಅನ್ವಯಿಸುತ್ತದೆ. ಹೊಕ್ಕುಳ ಮಟ್ಟದಲ್ಲಿ, ಉಸಿರು ಬಿಟ್ಟು, ಹೊಟ್ಟೆ ಒಳಕ್ಕೆ ಎಳೆದುಕೊಳ್ಳದೆ ಅಳೆಯಬೇಕು. ದರ್ಜಿಯ ಟೇಪು ಸಾಕು, ಅದನ್ನು ನಾನು ತರುತ್ತೇನೆ. ದಾಟಿದವರೆಲ್ಲರಿಗೂ ಆ ದುಡ್ಡಿನಲ್ಲಿ ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತ ಪರೀಕ್ಷೆ ಮಾಡಿಸೋಣ. ಅವನದು ಹೋದ ತಿಂಗಳೇ ಆಗಿದೆ, ಅವನನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ. ದುಡ್ಡು ಸಾಲದೆ ಬಂದರೆ ಮತ್ತೆ ತಲೆಗೆ ಇನ್ನೂರು ಹಾಕೋಣ.

ಇಂತಿ,
ನಿಮ್ಮ ಜೊತೆ ನಡೆಯುವವನು